ಸಂಕ್ರಾಂತಿಯ ದಿನ, ಒಂದು ಸ್ಲೇಟಿನ ಮಾತು

14 ಜನವರಿ 2025, ಮಂಗಳವಾರ

ಎಳ್ಳು ಬೀರಿ ಬಂದದ್ದಾಯಿತು. ಪುಟ್ಟಿ ರೇಷ್ಮೆ ಲಂಗದಲ್ಲೇ ಸೋಫಾ ಮೇಲೆ ನಿದ್ದೆ ಹೋಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ಅಮ್ಮ ಹೇಳಿದ ಸ್ಲೇಟಿನ ಕತೆ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ಶುರುವಾದದ್ದು ಬೆಳಿಗ್ಗೆ. ಅಮ್ಮ ಮೊರದಲ್ಲಿ ಎಳ್ಳು, ಕೊಬ್ಬರಿ, ಹುರಿಗಡಲೆ ಬೆರೆಸುತ್ತಿದ್ದಳು. ನಾನು ಪೊಟ್ಟಣ ಕಟ್ಟುತ್ತಾ ಫೋನಿನಲ್ಲಿ ಮಲಾಲಾ ಭಾಷಣ ಹಾಕಿದ್ದೆ. ಮೊನ್ನೆ ಭಾನುವಾರ ಇಸ್ಲಾಮಾಬಾದಿನಲ್ಲಿ ಮಾತಾಡಿದ್ದು. ತಾಲಿಬಾನ್ ಹೆಂಗಸರನ್ನು ಮನುಷ್ಯರು ಅಂತಲೇ ನೋಡುವುದಿಲ್ಲ, ಅವರಿಗೆ ಮನ್ನಣೆ ಕೊಡಬೇಡಿ ಅಂತ ಅಲ್ಲಿ ಸೇರಿದ್ದ ದೊಡ್ಡವರಿಗೆ ನೇರವಾಗಿ ಹೇಳಿದ್ದಾಳೆ.

"ಯಾರೇ ಈ ಹುಡುಗಿ?" ಅಂದಳು ಅಮ್ಮ.

ಹೇಳಿದೆ. ಪಾಕಿಸ್ತಾನದ ಸ್ವಾತ್ ಕಣಿವೆಯ ಮಿಂಗೋರಾದವಳು. ಹೆಣ್ಣುಮಕ್ಕಳು ಓದಬೇಕು ಅಂದಿದ್ದಕ್ಕೆ 2012ರಲ್ಲಿ ತಾಲಿಬಾನಿನವರು ಸ್ಕೂಲ್ ವ್ಯಾನಿನೊಳಗೇ ತಲೆಗೆ ಗುಂಡು ಹೊಡೆದರು. ಆಗ ಹದಿನೈದು ವರ್ಷ. ಬದುಕಿದಳು. ಹದಿನೇಳಕ್ಕೆ ನೊಬೆಲ್ ಬಂತು, ನಮ್ಮ ಕೈಲಾಶ್ ಸತ್ಯಾರ್ಥಿ ಅವರ ಜೊತೆ. ಅಮ್ಮ ನೊಬೆಲ್ ಬಗ್ಗೆ ಏನೂ ಕೇಳಲಿಲ್ಲ. "ಅದೇ ದೇಶಕ್ಕೆ ವಾಪಸ್ ಹೋಗಿ ಮೈಕ್ ಹಿಡಿದಿದ್ದಾಳಾ?" ಅಂತ ಮಾತ್ರ ಕೇಳಿದಳು.

ಅಷ್ಟರಲ್ಲಿ ನನಗೆ ಹೊಳೆಯಿತು. ಇವತ್ತಿನ ತಾರೀಖೇ ಅದು! 2009ರ ಜನವರಿ 14. ಜನವರಿ 15ರ ನಂತರ ಯಾವ ಹುಡುಗಿಯೂ ಶಾಲೆಗೆ ಹೋಗಕೂಡದು ಅಂತ ಸ್ವಾತ್‌ನಲ್ಲಿ ತಾಲಿಬಾನ್ ಗಡುವು ಕೊಟ್ಟಿತ್ತು. ಹನ್ನೊಂದು ವರ್ಷದ ಮಲಾಲಾ ಗುಲ್ ಮಕಾಯ್ ಅನ್ನೋ ಹೆಸರಿನಲ್ಲಿ ಬಿಬಿಸಿ ಉರ್ದುವಿಗೆ ದಿನಚರಿ ಬರೆಯುತ್ತಿದ್ದಳು. ಆ ದಿನ ಬರೆದದ್ದು ಶಾಲೆಯ ಬಗ್ಗೆಯೇ. ಚಳಿಗಾಲದ ರಜೆ ಅಂತ ಹೇಳಿದರು, ಮತ್ತೆ ಯಾವಾಗ ತೆರೆಯುತ್ತೆ ಅಂತ ಹೇಳಲಿಲ್ಲ. ಕೊನೇ ದಿನ ಅಂತ ಹುಡುಗಿಯರೆಲ್ಲ ಸ್ವಲ್ಪ ಜಾಸ್ತಿ ಹೊತ್ತು ಆಡಿದರು. ಹೊರಡುವಾಗ ಇನ್ನು ಬರೋದೇ ಇಲ್ಲವೇನೋ ಅನ್ನೋ ಹಾಗೆ ಶಾಲೆಯ ಕಟ್ಟಡವನ್ನು ತಿರುಗಿ ನೋಡಿದಳು.

ಮಾರನೇ ದಿನದ್ದೂ ಇದೆ. ರಾತ್ರಿಯೆಲ್ಲ ಫಿರಂಗಿ ಸದ್ದು, ಮೂರು ಸಲ ಎಚ್ಚರ. ಎದ್ದಮೇಲೆ ಗೆಳತಿ ಬಂದಳು, ಇಬ್ಬರೂ ಹೋಮ್‌ವರ್ಕ್ ಬಗ್ಗೆ ಮಾತಾಡಿದರು. ಆ ಹೋಮ್‌ವರ್ಕ್ ಅನ್ನೋ ಪದ ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಯಾರೋ ಆ ದಿನಚರಿಯ ಪ್ರಿಂಟ್ ತಂದು ಮಲಾಲಾಳ ಅಪ್ಪನಿಗೇ ತೋರಿಸಿ ಹೊಗಳಿದರಂತೆ. ಅವರು ಸುಮ್ನೆ ನಕ್ಕರಂತೆ. ನನ್ನ ಮಗಳೇ ಬರೆದಿದ್ದು ಅನ್ನೋಕೂ ಆಗದೆ.

ಅಮ್ಮ ಕೇಳಿದ್ದು ಅಪ್ಪನ ಬಗ್ಗೆ ಅಲ್ಲ. "ಅವಳ ತಾಯಿ ಓದಿದ್ದಳಾ?"

ಇಲ್ಲ ಅಂದೆ. ತೂರ್ ಪೆಕಾಯ್ ಆರು ವರ್ಷಕ್ಕೆ ಶಾಲೆ ಸೇರಿ ಸ್ವಲ್ಪ ದಿನಕ್ಕೇ ಬಿಟ್ಟರಂತೆ. ತರಗತಿಯಲ್ಲಿ ಅವರೊಬ್ಬರೇ ಹುಡುಗಿ. ಓರಗೆಯ ಹುಡುಗಿಯರೆಲ್ಲ ಮನೆಯಲ್ಲಿ ಆಡಿಕೊಂಡಿದ್ದರು. ಪುಸ್ತಕ ಮಾರಿ ಆ ದುಡ್ಡಿಗೆ ಮಿಠಾಯಿ ತಿಂದರಂತೆ.

ಅಮ್ಮನ ಕೈ ಮೊರದಲ್ಲೇ ನಿಂತಿತು. ನಗುತ್ತಾಳೆ ಅಂದುಕೊಂಡಿದ್ದೆ.

"ಅವಳಾದ್ರೂ ಮಿಠಾಯಿ ತಿಂದ್ಳು. ನನ್ನ ಸ್ಲೇಟು ನಿಮ್ಮ ಚಿಕ್ಕಮಾವನಿಗೆ ಹೋಯ್ತು."

ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅದು ನನಗೆ ಗೊತ್ತು. ಮಿಡ್ಲ್ ಸ್ಕೂಲು ಹಳ್ಳದ ಆಚೆ ಊರಿನಲ್ಲಿತ್ತು, ಹುಡುಗಿ ಅಷ್ಟು ದೂರ ಯಾಕೆ ಅಂದರು. ಇಷ್ಟನ್ನು ನೂರು ಸಲ ಕೇಳಿದ್ದೇನೆ. ಸ್ಲೇಟಿನ ವಿಷಯ ಇವತ್ತೇ ಮೊದಲು. ಅದರ ಮರದ ಅಂಚಿನ ಮೇಲೆ ಅಮ್ಮ ಮೊಳೆಯಿಂದ ತನ್ನ ಹೆಸರು ಕೊರೆದಿದ್ದಳಂತೆ. ಮಾವ ಅದನ್ನು ಕಲ್ಲಿಗೆ ಉಜ್ಜಿ ಉಜ್ಜಿ ನೋಡಿದರೂ ಹೋಗಲಿಲ್ಲ. ಕೊನೆಗೆ ಅದರ ಮೇಲೇ ತನ್ನ ಹೆಸರು ಕೊರೆದುಕೊಂಡ.

"ಬೇಜಾರಾಗಲಿಲ್ವಾ ಅಮ್ಮ?"

"ಅವನು ಚಿಕ್ಕವನು ಕಣೇ, ಅವನಿಗೇನು ಗೊತ್ತು" ಅಂದು ಬೆಲ್ಲದ ಚೂರು ಸುರಿದಳು. ಆಮೇಲೆ ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಸಂಜೆ ಕಿಚ್ಚು ಹಾಯಿಸೋದು ನೋಡಲು ಎಲ್ಲರೂ ಓಡಿದರು. ಪುಟ್ಟಿ ಮಾತ್ರ ನನ್ನ ಕೈ ಹಿಡಿದುಕೊಂಡು ಬಂದು ಕೇಳಿದಳು, "ಸ್ಕೂಲೇ ಇಲ್ಲ ಅಂದ್ಮೇಲೆ ಅವಳು ಹೋಮ್‌ವರ್ಕ್ ಯಾರಿಗೆ ತೋರಿಸ್ತಾಳಮ್ಮ?" ನಾವು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಆ ಶಾಲೆ ಆಮೇಲೆ ಮತ್ತೆ ತೆರೆಯಿತು, ಅವಳು ಆಕ್ಸ್‌ಫರ್ಡ್ ತನಕ ಓದಿದಳು ಅಂದೆ. ಪುಟ್ಟಿಗೆ ಖುಷಿಯಾಯಿತು. ಕಿಚ್ಚಿನ ಕಡೆ ಓಡಿದಳು.

ಅಫ್ಘಾನಿಸ್ತಾನದ್ದು ಹೇಳಲಿಲ್ಲ. ಅಲ್ಲಿ ತಾಲಿಬಾನ್ ಆಳ್ವಿಕೆಯಲ್ಲಿ 2021ರಿಂದ ಹುಡುಗಿಯರಿಗೆ ಆರನೇ ತರಗತಿಯೇ ಕೊನೆ. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಹಾಕಿದರು. ಪುಟ್ಟಿ ಈಗ ಆರನೇ ತರಗತಿ. ಮೊನ್ನೆ ತಾನೇ ಏಳನೆಯದಕ್ಕೆ ಹೊಸ ಬ್ಯಾಗ್ ಬೇಕು ಅಂತ ಹಟ ಮಾಡಿದ್ದಾಳೆ. ಇವಳ ವಯಸ್ಸಿನ ಅಷ್ಟೂ ಮಕ್ಕಳು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ಹನ್ನೊಂದು ವರ್ಷಕ್ಕೆ ಇನ್ನು ಸಾಕು ಅಂದರೆ ಆ ಮಗುವಿನ ಮುಂದೆ ಎಷ್ಟು ದೊಡ್ಡ ದಿನ ಉಳಿಯುತ್ತದೆ. ಅಮ್ಮನಿಗೂ ಹಾಗೇ ಉಳಿದಿತ್ತೇನೋ.

ಅಮ್ಮನ ಕೋಣೆಯಲ್ಲಿ ಇನ್ನೂ ಲೈಟ್ ಉರಿಯುತ್ತಿದೆ.

ನಾಳೆ ಚಿಕ್ಕಮಾವನಿಗೆ ಫೋನ್ ಮಾಡಿ ಹಬ್ಬ ಹೇಗಾಯ್ತು ಅಂತ ವಿಚಾರಿಸಬೇಕು. ಹಾಗೇ ಆ ಸ್ಲೇಟು ನೆನಪಿದೆಯಾ ಅಂತಲೂ ಕೇಳಿಬಿಡಲಾ? ಹಳೇ ಮನೆಯ ಅಟ್ಟದ ಮೇಲೆ ಇನ್ನೂ ಏನಾದರೂ ಇದೆಯೇನೋ.