ದೇವರಿಗೆ ಕೇಳಿಸ್ತಾ?

"ಇಷ್ಟೊಂದು ಪೂಜೆ ಮಾಡ್ತೀಯಲ್ಲ, ದೇವರಿಗೆ ಕೇಳಿಸ್ತಾ?" ಐದು ವರ್ಷದಿಂದ ಇದೇ ಪ್ರಶ್ನೆ. ಅತ್ತಿಗೆ ಕನಿಕರದಿಂದ ಕೇಳುತ್ತಾರೆ. ಪಕ್ಕದ ಮನೆ ಹುಡುಗ ಮಾತ್ರ ನಿಜವಾಗಲೂ ತಿಳಿದುಕೊಳ್ಳೋಕೆ ಕೇಳುತ್ತಾನೆ. ಈ ಉತ್ತರ ಅವನಿಗೆ.

ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ 4 ಗಂಟೆ. ಕುಡಿಯುವ ನೀರನ್ನೂ ಅಳೆದು ಕೊಡಬೇಕು. ರಾಜ್ಯದಲ್ಲಿ ಅಂಗಾಂಗ ದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯಲ್ಲಿ ಕಿಡ್ನಿಗೆ ಕಾಯುವವರ ಪಟ್ಟಿಯಲ್ಲಿ ಹೆಸರಿದೆ, ಕರೆ ಬಂದಿಲ್ಲ. ಅಂದಮೇಲೆ ದೇವರಿಗೆ ಕೇಳಿಸಿಲ್ಲ ಅನ್ನೋದು ಜನರ ಲೆಕ್ಕ.

ಮೊದಲು ನನ್ನದೂ ಅದೇ ಲೆಕ್ಕವಾಗಿತ್ತು. ಅರಿಶಿನದ ಬಟ್ಟೆಯಲ್ಲಿ 11 ರೂಪಾಯಿ ಮುಡಿಪು ಕಟ್ಟಿ, ಕಿಡ್ನಿ ಸಿಕ್ಕಿದರೆ ಇಬ್ಬರೂ ಬೆಟ್ಟ ಹತ್ತಿ ಬರ್ತೀವಿ ಅಂತ ತಿಮ್ಮಪ್ಪನಿಗೆ ಹೇಳಿಕೊಂಡೆ.

ಒಂದು ದಿನ ಡಯಾಲಿಸಿಸ್ ಕೋಣೆಯ ಹೊರಗೆ ಕೂತಿದ್ದಾಗ ತಟ್ಟನೆ ಹೊಳೆಯಿತು. ಆ ಪಟ್ಟಿಯಿಂದ ಕಿಡ್ನಿ ಬರಬೇಕಾದರೆ ಯಾರದೋ ಮನೆಯಲ್ಲಿ ಒಂದು ಜೀವ ಹೋಗಬೇಕು. ಅಪಘಾತವಾಗಿ ಮಿದುಳು ನಿಂತ ಮಗನಿಗಾಗಿ ಅಲ್ಲೊಬ್ಬ ತಾಯಿ ಕೈಮುಗಿದು ಕೂತಿರುತ್ತಾಳೆ. ನನಗೆ ಹ್ಞೂಂ ಅನ್ನೋದಕ್ಕೆ ಅವಳಿಗೆ ಇಲ್ಲ ಅನ್ನಬೇಕಲ್ವಾ? ಅವತ್ತು ಪ್ರಾರ್ಥನೆ ಬಾಯಿಗೇ ಬರಲಿಲ್ಲ. ಎರಡು ವಾರ ಸುಮ್ನೆ ದೀಪ ಹಚ್ಚಿದೆ, ಅಷ್ಟೇ.

ಚಿಕ್ಕವಳಿದ್ದಾಗ ಅಜ್ಜಿ ಗಜೇಂದ್ರಮೋಕ್ಷದ ಕತೆ ಹೇಳುತ್ತಿದ್ದಳು. ಆನೆ ಕೂಗಿತು, ಹರಿ ಓಡಿ ಬಂದ. ಆ ದಿನಗಳಲ್ಲೇ ಭಾಗವತದ 8ನೇ ಸ್ಕಂಧ ತೆರೆದು ನೋಡಿದೆ. ಮೊಸಳೆ ಜೊತೆ ಎಳೆದಾಟ ನಡೆದದ್ದು 1000 ವರ್ಷ! ಉಳಿದ ಆನೆಗಳು ಎಳೆದು ಸೋತಿವೆ. ಅಜ್ಜಿ ಅದನ್ನು ಹೇಳಿರಲೇ ಇಲ್ಲ. ಕೊನೆಗೆ ಕೂಗಿದಾಗಲೂ ಆನೆ ಕಾಲು ಬಿಡಿಸು ಅನ್ನುವುದಿಲ್ಲ. ಈ ಆನೆಯ ಬಾಳು ಉಳಿದು ಆಗಬೇಕಾದ್ದೇನು, ನನ್ನನ್ನು ಕವಿದ ಅಜ್ಞಾನ ಹೋಗಲಿ ಅನ್ನುತ್ತದೆ. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲಪ್ಪ. ನನಗೆ ಯಜಮಾನರು ಬೇಕು.

ಹಾಗಾಗಿ ನಾನು ಹಿಡಿದದ್ದು ದಾಸರ ದಾರಿ. ನೀನೇ ಬೇಡ, ನಿನ್ನ ಹೆಸರಿದ್ದರೆ ಸಾಕು ಅಂತ ಪುರಂದರದಾಸರು ದೇವರ ಮುಖಕ್ಕೇ ಹಾಡಿದವರು. ನಿಂದಾಸ್ತುತಿ ಅಂತ ಅದಕ್ಕೆ ಹೆಸರೂ ಇದೆ. ನನಗೆ ಹಾಡಲು ಬರುವುದಿಲ್ಲ, ಬಯ್ಯಲು ಬರುತ್ತದೆ. ಒಬ್ಬರ ಮನೆ ದೀಪ ಆರದೆ ನಮ್ಮನೆ ದೀಪ ಉಳಿಸೋಕೆ ನಿನಗೆ ಬರಲ್ವಾ ಅಂತ ಬೆಳಗ್ಗೆ ಹೂ ಏರಿಸುತ್ತಲೇ ಕೇಳುತ್ತೇನೆ. ಕೆಲವು ದಿನ ಜಾಸ್ತಿನೇ ಬಯ್ದಿರುತ್ತೇನೆ. ಕಿವುಡರನ್ನು ಯಾರಾದರೂ ಇಷ್ಟು ಬಯ್ಯುತ್ತಾರಾ? ಕೇಳಿಸ್ತಿದೆ ಅನ್ನೋ ನಂಬಿಕೆ ಇರುವುದಕ್ಕೇ ಅಲ್ವಾ ಬಯ್ಯೋದು. ನನ್ನ ಹತ್ತಿರ ಇರುವ ಪುರಾವೆ ಇಷ್ಟೇ ಕಣಪ್ಪ. ಆ ಕಾಣದ ತಾಯಿಯ ಹೆಸರಲ್ಲೂ ಈಗ ಒಂದು ಹೂ ಇಡುತ್ತೇನೆ. ಅವಳೂ ಬಯ್ಯುತ್ತಿರಬಹುದು.

ಮೊನ್ನೆ ದೇವರ ಗೂಡು ಒರೆಸುವಾಗ ನೋಡಿದೆ, ಮುಡಿಪಿನ ಬಟ್ಟೆ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ಹೊಸ ಬಟ್ಟೆಗೆ ಅರಿಶಿನ ಹಚ್ಚಿ ಒಣಗಿಸಿ, ಅದೇ 11 ರೂಪಾಯಿಯನ್ನು ಮತ್ತೆ ಕಟ್ಟಿಟ್ಟೆ.