ಜೋಡಿ ಚಕ್ರದ ಗಾಳಿ: ಮೂರು ಶನಿವಾರ, ಒಂದು ಪಿನ್ನು

ನನ್ನ ಬಸ್ಸಿನ ಹಿಂದಿನ ಜೋಡಿ ಟೈರಿನಲ್ಲಿ ಒಳಗಿನದು ಸಿಕ್ಕಾಪಟ್ಟೆ ಬಿಸಿಯಾಗುತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಬ್ರೇಕ್ ಡ್ರಮ್‌ನಲ್ಲಿ ಏನೂ ದೋಷ ಇರಲಿಲ್ಲ. ಅದನ್ನು ಬಿಚ್ಚಿ, ಲೈನರ್ ನೋಡಿ, ಧೂಳು ಕುಡಿದು, ಮತ್ತೆ ಕೂರಿಸಿದ್ದಕ್ಕೆ ಒಂದಿಡೀ ಶನಿವಾರ ಹೋಯಿತು. ಅವತ್ತು ಸಂಜೆ ನಮ್ಮ ಅವ್ವ ನನ್ನ ಮುಖ ನೋಡಿ, "ಯಾಂವದು ಇದ್ದಿಲು ಮಾರಾಂವ?" ಅಂದಳು.

ನನ್ನ ಗಾಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟಾಟಾ 407 ಚಾಸಿಯ ಹಳೆ ಸ್ಕೂಲ್ ಬಸ್. ಈಗ ಅದರೊಳಗೆ ಎರಡು ಮಂಚ, ಒಂದು ಒಲೆ, ಸೋರುವ ಒಂದು ಸಿಂಕ್ ಇವೆ. ಪುಣೆಯ ಧನಕವಡಿಯಲ್ಲಿ ನಮ್ಮ ಸೊಸೈಟಿಯ ಗೋಡೆ ಪಕ್ಕ ನಿಲ್ಲಿಸುತ್ತೇನೆ. ಹೋದ ತಿಂಗಳು ಹಿಂದಿನ ನಾಲ್ಕೂ 7.50-16 ಟೈರ್ ಹೊಸದು ಹಾಕಿಸಿದೆ. ಅದಕ್ಕಾಗಿ ಎರಡೂ ಕಡೆಯ ಈಕ್ವಲೈಜರ್ ಬಿಚ್ಚಿಟ್ಟಿದ್ದೆ. ಒಂದು ಕಡೆಯ ಒಳಗಿನ, ಹೊರಗಿನ ಟೈರುಗಳನ್ನು ಹೋಸಿನಿಂದ ಜೋಡಿಸಿ ಎರಡರ ಗಾಳಿಯನ್ನೂ ಸಮ ಇಡುವ ಸಾಧನ ಅದು. ವಾಪಸ್ ಹಾಕುವುದು ಅರ್ಧ ಗಂಟೆಯ ಕೆಲಸ ಅಲ್ವಾ? ಆಕ್ಸಲ್ ಬೋಲ್ಟಿಗೆ ಪಟ್ಟಿ ಬಿಗಿಯೋದು, ಎರಡು ಹೋಸ್ ತಿರುಗಿಸೋದು, ನಡುವಿನ ವಾಲ್ವ್‌ನಿಂದ 80 ಪಿಎಸ್‌ಐ ಗಾಳಿ ತುಂಬೋದು. ಈಕ್ವಲೈಜರಿನ ಮೇಲಿನ ಹಳದಿ ಗುರುತು ಪೂರ್ತಿ ಕಂಡರೆ ಗಾಳಿ ಸರಿ ಇದೆ ಅಂತ, ಅಲ್ಲಿಗೆ ಮುಗಿಯಿತು.

ಹಳದಿ ಪೂರ್ತಿ ಕಂಡಿತು. ನಾನೂ ಮುಗಿಯಿತು ಅಂದುಕೊಂಡೆ.

ಖೇಡ್ ಶಿವಾಪುರದ ತನಕ ಸುಮ್ನೆ ಒಂದು ಸುತ್ತು ಹೋಗಿ ಬಂದೆ. ಬಂದವನೇ ಅಭ್ಯಾಸಬಲದಿಂದ ಥರ್ಮಾಮೀಟರ್ ಗನ್ ಹಿಡಿದೆ. ಬಲಗಡೆ ಹೊರಗಿನ ಟೈರ್ 47 ಡಿಗ್ರಿ, ಒಳಗಿನದು 59. ಒಳಗಿನದಕ್ಕೆ ಗಾಳಿ ಬಡಿಯೋದು ಕಡಿಮೆ, ಪಕ್ಕದಲ್ಲೇ ಡ್ರಮ್ಮು, ಸ್ವಲ್ಪ ಜಾಸ್ತಿ ಬಿಸಿ ಇರುತ್ತದೆ. ಆದರೆ 12 ಡಿಗ್ರಿ? ಹಳೆ ಟೈರಿದ್ದಾಗ ನಾಲ್ಕೈದರ ಮೇಲೆ ಹೋಗಿರಲಿಲ್ಲ. ಬ್ರೇಕ್ ಹಿಡಿದುಕೊಳ್ಳುತ್ತಿದೆ ಅಂತ ನಾನೇ ತೀರ್ಮಾನ ಕೊಟ್ಟುಬಿಟ್ಟೆ. ಹಾಗೆ ಮೊದಲ ಶನಿವಾರ ಡ್ರಮ್ಮಿಗೆ ಬಲಿಯಾಯಿತು.

ಎರಡನೆಯ ಶನಿವಾರ ಸೀಮೆಸುಣ್ಣದ್ದು. ಮಗಳ ಡಬ್ಬಿಯಿಂದ ಒಂದು ತುಂಡು ಕದ್ದು, ಎರಡೂ ಟೈರಿನ ಮೇಲೆ ಅಡ್ಡಡ್ಡ ದಪ್ಪ ಗೆರೆ ಎಳೆದೆ. ನಮ್ಮ ರಸ್ತೆಯ ಕೊನೆಯವರೆಗೆ ನಿಧಾನವಾಗಿ ಉರುಳಿಸಿ ಬಂದೆ. ಒಳಗಿನ ಟೈರಿನ ಗೆರೆ ಈ ಅಂಚಿನಿಂದ ಆ ಅಂಚಿಗೆ ಮಾಯ. ಹೊರಗಿನದರಲ್ಲಿ ಎರಡೂ ಭುಜದ ಹತ್ತಿರ ಬೆಳ್ಳಗೆ ಹಾಗೇ ಉಳಿದಿತ್ತು. ಅಂದರೆ ಭಾರವೆಲ್ಲ ಒಳಗಿನದರ ಮೇಲೆ.

ಇದು ಯಾಕೆ ನಿದ್ದೆ ಕೆಡಿಸುತ್ತದೆ ಅಂತ ಜೋಡಿ ಟೈರ್ ಇಟ್ಟುಕೊಂಡವರಿಗೆ ಗೊತ್ತು. ಎರಡೂ ಒಂದೇ ಹಬ್ಬಿಗೆ ಕಟ್ಟಿದವು, ಒಂದೇ ಲೆಕ್ಕದಲ್ಲಿ ತಿರುಗಬೇಕು. ಈ ಟೈರಿನ ಸುತ್ತಳತೆ ಸುಮಾರು ಎರಡೂವರೆ ಮೀಟರ್, ಕಿಲೋಮೀಟರಿಗೆ 400 ಸುತ್ತು. ವ್ಯಾಸದಲ್ಲಿ ಬರೀ 5 ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೂ ಸುತ್ತಿಗೆ 16 ಮಿಲಿಮೀಟರ್, ಕಿಲೋಮೀಟರಿಗೆ ಆರು ಮೀಟರ್ ವ್ಯತ್ಯಾಸ. ಅಷ್ಟುದ್ದ ಒಂದು ಟೈರ್ ಉರುಳೋದಿಲ್ಲ, ಉಜ್ಜಿಕೊಂಡು ಬರುತ್ತದೆ. ಕೊಲ್ಹಾಪುರ ಮುಟ್ಟುವಷ್ಟರಲ್ಲಿ ಒಂದು ಕಿಲೋಮೀಟರ್ ದಾಟಿ ರಬ್ಬರ್ ತೇದಿರುತ್ತದೆ. ಅದೂ ನನ್ನ ಹೊಸ ರಬ್ಬರ್.

ಟೈರಿನ ಅಳತೆಯೇ ಬೇರೆ ಇರಬಹುದು ಅಂತ ಜಾಕ್ ಏರಿಸಿ ಟೇಪ್ ಸುತ್ತಿದೆ. ವ್ಯತ್ಯಾಸ ಇತ್ತು, ಸ್ವಲ್ಪ. ಅಂಗಡಿಯವನಿಗೆ ಫೋನ್ ಮಾಡಿದೆ. "ಟೈರ್ ಒಂದೇ ಲಾಟಿನದು ಸಾಹೇಬ್, ನಿಮ್ಮ ಟೇಪ್ ನೋಡ್ಕೊಳ್ಳಿ" ಅಂದ. ಅದೇ ಉಸಿರಲ್ಲಿ ಅಲೈನ್‌ಮೆಂಟ್ ಮಾಡಿಸಿ ಅಂದ. ಹಿಂದಿನ ಗಟ್ಟಿ ಆಕ್ಸಲ್ಲಿಗೆ ಏನು ಅಲೈನ್‌ಮೆಂಟ್ ಮಾರಾಯ? ಈಕ್ವಲೈಜರಿನ ಓ-ರಿಂಗ್ (ರಬ್ಬರ್ ಉಂಗುರ) ಮೇಲೂ ಅನುಮಾನ ಬಂದು, ಗಾಡಿ ಬಿಡಿಭಾಗ ಸಿಗುವ ನಾನಾ ಪೇಠೆ ಅಲೆದೆ. ಮೂರು ಅಂಗಡಿ, ಮೂರರಲ್ಲೂ ಒಂದೇ ಮಂತ್ರ: "ಉದ್ಯಾ ಯಾ." ನಾಳೆ ಬಾ ಅಂತ ಬಾಗಿಲ ಮೇಲೆ ನಾವು ದೆವ್ವಕ್ಕೆ ಬರೆಯುತ್ತಿದ್ದೆವು. ಇಲ್ಲಿ ಗಿರಾಕಿಗೆ ಹೇಳುತ್ತಾರೆ.

ಗಾಡಿ ಅಡಿ ಅಂಗಾತ ಮಲಗಿದ್ದಾಗ ಒಂದು ವಿಷಯ ಹೊಳೆಯಿತು. ಹಿಂಬಾಗಿಲ ಕೆಳಗೆ ಚಾಸಿಯ ಎರಡು ಉದ್ದ ತೊಲೆಗಳ ನಡುವೆ ಒಳ್ಳೆ ಜಾಗ ಇದೆ. ಅಲ್ಲಿಂದ ಹೊರಗೆಳೆಯುವ ಹಲಗೆ ಮಾಡಿದರೆ ಅವ್ವನ ರೊಟ್ಟಿ ಸಮಸ್ಯೆ ಬಗೆಹರಿಯುತ್ತದೆ. ಈಗಿನ ಒಲೆ ಪಕ್ಕದ ಪ್ಲೈವುಡ್ ಮೇಲೆ ಜೋಳದ ರೊಟ್ಟಿ ಬಡಿದರೆ ಇಡೀ ಬಸ್ಸು ಕುಣಿಯುತ್ತದೆ, ಚಹಾದ ಕಪ್ಪು ನಡೆದುಕೊಂಡು ಹೋಗುತ್ತದೆ. ಚಾಸಿಗೇ ಕಚ್ಚಿದ ಹಲಗೆಯಾದರೆ ಎಷ್ಟು ಬೇಕಾದರೂ ಬಡಿಯಬಹುದು. ಡ್ರಾಯರ್ ಚಾನೆಲ್ ಅಲ್ಲ, ಕೋನ ಕಬ್ಬಿಣವೇ ಬೇಕು. ಚಿತ್ರ ಬರೆದಿಟ್ಟಿದ್ದೇನೆ, ಮುಂದಿನ ಸಲ ತೋರಿಸುತ್ತೇನೆ.

ಮೂರನೆಯ ಶನಿವಾರ ಕಾಕಾ ಬಂದರು. ನಮ್ಮ ಕೆಳಗಿನ ಮನೆಯವರು, ಇಂಡಿ ಕಡೆಯವರು. ಮೂವತ್ತು ವರ್ಷ ಪುಣೆ–ಬೆಂಗಳೂರು ರಸ್ತೆಯಲ್ಲಿ ಲಾರಿ ಹೊಡೆದವರು. ಹಳದಿ ಗುರುತು ತೋರಿಸಿ ನನ್ನ ಕಷ್ಟವೆಲ್ಲ ಹೇಳಿದೆ. ಅವರು ಅದನ್ನು ನೋಡಲೂ ಇಲ್ಲ. ಜಾಕಿನ ರಾಡ್ ಎತ್ತಿಕೊಂಡು ಹೊರಗಿನ ಟೈರಿಗೆ ಒಂದು ಬಿಟ್ಟರು. ಡಬ್. ರಾಡನ್ನು ಸಂದಿಯಲ್ಲಿ ತೂರಿಸಿ ಒಳಗಿನದಕ್ಕೆ ಒಂದು. ಠಣ್.

"ತಮ್ಮಾ, ಇವೆರಡೂ ಒಂದ ಮನಿಯಾಗ ಅದಾವ, ಖರೆ ಮಾತು ಬಿಟ್ಟಾವ. ಒಳಗಿಂದು ಕಲ್ಲಾಗೇತಿ ನೋಡು."

ಇಲ್ಲಿ ನನ್ನ ಸೋಮಾರಿತನ ಒಪ್ಪಿಕೊಳ್ಳಬೇಕು. ಒಳಗಿನ ಟೈರಿನ ಗಾಳಿಯನ್ನು ನಾನು ಒಮ್ಮೆಯೂ ನೇರವಾಗಿ ಅಳೆದಿರಲಿಲ್ಲ. ಅಂಗಡಿಯ ಹುಡುಗ "80 ಹಾಕಿದೀನಿ" ಅಂದಿದ್ದ. ಹೆಚ್ಚುಕಮ್ಮಿ ಇದ್ದರೂ ಈಕ್ವಲೈಜರ್ ಸರಿ ಮಾಡುತ್ತದೆ ಅಂದುಕೊಂಡಿದ್ದೆ. ಅದಿರೋದೇ ಅದಕ್ಕಲ್ವಾ? ಹೋಸ್ ಬಿಚ್ಚಿ ಗೇಜ್ ಒತ್ತಿದೆ. 97!

ಒಂದು 97, ಇನ್ನೊಂದು 80, ನಡುವೆ ತೆರೆದ ದಾರಿ. ಹಾಗಿರೋಕೆ ಸಾಧ್ಯವೇ ಇಲ್ಲ. ದಾರಿ ತೆರೆದಿಲ್ಲ ಅಂತಲೇ ಅರ್ಥ. ಆಗ ಮೊದಲೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಒಳಗಿನ ಟೈರಿನ ವಾಲ್ವಿಗೆ ಹೋಸ್ ಮತ್ತೆ ಬಿಗಿದು, ಅದರ ಇನ್ನೊಂದು ತುದಿಯನ್ನು ಈಕ್ವಲೈಜರಿನಿಂದ ಕಳಚಿದೆ. ಗಾಳಿ ಭುಸ್ಸೆಂದು ನುಗ್ಗಬೇಕಿತ್ತು. ಕಿವಿ ಹತ್ತಿರ ಹಿಡಿದೆ, ತುಟಿ ಹತ್ತಿರ ಹಿಡಿದೆ. ಇಲ್ಲ. ಹೊರಗಿನದರಲ್ಲಿ ಹಾಗೇ ಮಾಡಿದರೆ ಕಾಕಾನ ಟೋಪಿ ಹಾರುವಷ್ಟು ಗಾಳಿ.

ನನ್ನ ಹೋಸಿನ ಬಾಯೊಳಗೆ ಒಂದು ಮೊಳೆ ಇದೆ. ಹೋಸ್ ತಿರುಗಿಸಿದಾಗ ಅದು ವಾಲ್ವಿನೊಳಗೆ ಗಾಳಿ ತಡೆಯುವ ಪಿನ್ನನ್ನು ಒತ್ತಿ ಹಿಡಿದು ದಾರಿ ತೆರೆದಿಡಬೇಕು. ಟಾರ್ಚ್ ಬಿಟ್ಟು ನೋಡಿದೆ. ಹೊರಗಿನ ಟೈರಿನ ಪಿನ್ನಿನ ತಲೆ ವಾಲ್ವಿನ ಬಾಯಿಗೆ ಸಮಸಮ. ಒಳಗಿನದರ ತಲೆ ಬಾವಿಯೊಳಗೆ ಇಣುಕಿದ ಹಾಗೆ ಕೆಳಗಿದೆ. ವರ್ನಿಯರ್ ಅಳತೆಗೋಲಿನ ಬಾಲ ಇಳಿಸಿ ಅಳೆದೆ, 2 ಮಿಲಿಮೀಟರ್ ಆಳ. ಹೊಸ ಟ್ಯೂಬಿಗೆ ಅಂಗಡಿಯವನು ಯಾವುದೋ ಡಬ್ಬಿಯಿಂದ ಗಿಡ್ಡ ಪಿನ್ ಎತ್ತಿ ಹಾಕಿದ್ದ. ಮೊಳೆ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಮುಟ್ಟದ ಪಿನ್ ಒಮ್ಮುಖ ರಸ್ತೆಯ ಹಾಗೆ. ಹೋಸಿನ ಒತ್ತಡ ಜಾಸ್ತಿಯಾದರೆ ಗಾಳಿ ಟೈರಿನೊಳಗೆ ಹೋಗುತ್ತದೆ. ಟೈರಿನದು ಜಾಸ್ತಿಯಾದರೆ ಹೊರಗೆ ಬರೋದಿಲ್ಲ. ನಾನು 80 ತುಂಬಿದಾಗ ಹೊರಗಿನ ಟೈರ್ ಮಾತ್ರ ತುಂಬಿತು, ಹಳದಿಯೂ ಅದನ್ನೇ ನೋಡಿ ನಕ್ಕಿತು. ಕಾಕಾಗೆ ಇದನ್ನು ವಿವರಿಸಿದೆ. "ಹಂಗಾರ ನಮ್ಮ ಅಳ್ಯಾನಂಗ. ತಗೊಳ್ಳಾಕ ಬರತೈತಿ, ಕೊಡಾಕ ಬರಂಗಿಲ್ಲ" ಅಂದರು.

ಪಿನ್ನುಗಳನ್ನೇ ತೆಗೆದುಬಿಟ್ಟರೆ ರಗಳೆಯೇ ಇಲ್ಲ ಅನ್ನುವವರಿದ್ದಾರೆ. ನನಗೆ ಬೇಡ. ಹೋಸ್ ಬಿಚ್ಚಿದಾಗಲೆಲ್ಲ ಇಡೀ ಟೈರ್ ಖಾಲಿಯಾಗುತ್ತದೆ, ಖಂಬಾಟಕಿ ಘಾಟಿನ ಅಂಚಿನಲ್ಲಿ ಅದನ್ನು ತುಂಬಿಸುತ್ತ ನಿಲ್ಲೋದು ಯಾರಿಗೆ ಬೇಕು?

ಹಾಗಾಗಿ ಪಿನ್ ಬದಲಿಸಿದೆ. ನೀವು ಬದಲಿಸುವುದಾದರೆ ಗಾಳಿ ಪೂರ್ತಿ ಇಳಿಸಿ ಪಿನ್ ತೆಗೆಯಿರಿ. ನಾನು 20 ಉಳಿದಿರುವಾಗಲೇ ವಾಲ್ವ್ ಕೀ ತಿರುಗಿಸಿದೆ. ಪಿನ್ ಹಾರಿ ಯಾರದೋ ಸ್ಕೂಟರಿಗೆ ಠಿಂಗ್ ಅಂತ ಬಡಿಯಿತು, ಇನ್ನೂ ಸಿಕ್ಕಿಲ್ಲ. ಹೊಸ ಪಿನ್ನಿಗೆ ಹತ್ತು ರೂಪಾಯಿ. ತಲೆ ಬಾಯಿಗೆ ಸಮ ಇದೆಯೇ ಅಂತ ಅಂಗಡಿಯಲ್ಲೇ ನನ್ನ ಹಳೆ ವಾಲ್ವಿನ ತುಂಡಿಗೆ ಹಾಕಿ ನೋಡಿ ತಂದೆ. ಅಂಗಡಿಯವನು ನನ್ನನ್ನು ಹುಚ್ಚ ಅಂದುಕೊಂಡಿರಬೇಕು.

ಮಧ್ಯಾಹ್ನ 32 ಡಿಗ್ರಿ ಬಿಸಿಲಲ್ಲಿ 80 ತುಂಬಿದೆ. ಬೆಳಿಗ್ಗೆ 16 ಡಿಗ್ರಿ ಚಳಿಯಲ್ಲಿ ಅಳೆದರೆ 75. ಎದೆ ಧಸಕ್ಕೆಂದಿತು. ಆಮೇಲೆ ಲೆಕ್ಕ ಹಾಕಿದೆ. ಅಷ್ಟು ತಣ್ಣಗಾದರೆ ಐದು ಇಳಿಯಲೇಬೇಕು. ಅದಕ್ಕಿಂತ ಮುಖ್ಯ, ಒಳಗೂ 75, ಹೊರಗೂ 75. ತಣ್ಣಗಿದ್ದಾಗಲೇ 80ಕ್ಕೆ ಏರಿಸಿ ಖೇಡ್ ಶಿವಾಪುರಕ್ಕೆ ಹೋಗಿ ಬಂದೆ. ಹೊರಗೆ 48, ಒಳಗೆ 52 ಡಿಗ್ರಿ. ಕಾಕಾ ರಾಡ್ ಹಿಡಿದು ಬಂದರು. ಡಬ್, ಡಬ್.

ಇದೆಲ್ಲ ಬಲಗಡೆಯ ಕಥೆ. ಎಡಗಡೆ ಇನ್ನೂ ಬಿಚ್ಚಿಲ್ಲ. ಅಲ್ಲಿಯ ಪಿನ್ನುಗಳೂ ಅದೇ ಡಬ್ಬಿಯವು.