ಮಧುಗಿರಿಯ ಬಾಗಿಲು, ಒಳಗಿನಿಂದ

ಹೋದ ಜನವರಿಯ ಒಂದು ಶನಿವಾರ. ಬೆಳಗಿನ ಜಾವದ ಚಳಿಯಲ್ಲಿ ತುಮಕೂರು ರೈಲು ನಿಲ್ದಾಣದ ಹೊರಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ತಾಳಗುಪ್ಪದ ಕಡೆಯ ರೈಲಿನಲ್ಲಿ ಸಾಗರದ ಒಂದು ಕುಟುಂಬ ಬರುವುದಿತ್ತು. ಫೋನ್ ಮಾಡಿದ್ದ ಹುಡುಗಿ, "ಮಧುಗಿರಿ ಕೋಟೆ, ಆಮೇಲೆ ಶಿರಾ, ರಾತ್ರಿ ರೈಲಿಗೆ ವಾಪಸ್" ಎಂದಷ್ಟೇ ಹೇಳಿದ್ದಳು. ಪಕ್ಕದಲ್ಲೇ ಕೆಳದಿ, ಇಕ್ಕೇರಿ ಇಟ್ಟುಕೊಂಡವರು ಕೋಟೆ ನೋಡಲು ನಮ್ಮ ಬಯಲುಸೀಮೆಗೆ ಏಕೆ ಬರುತ್ತಾರೆ ಎಂದು ನನಗೆ ಆಶ್ಚರ್ಯವಾಗಿತ್ತು.

ಹದಿನೆಂಟು ವರ್ಷದಿಂದ ಈ ನಿಲ್ದಾಣದ ಹೊರಗೆ ಬಾಡಿಗೆ ಕಾರು ಓಡಿಸುತ್ತಿದ್ದೇನೆ. ಮೊದಮೊದಲು ಜನರನ್ನು ಬೆಟ್ಟದ ಬುಡದಲ್ಲಿ ಇಳಿಸಿ ಸೀಟು ಹಿಂದಕ್ಕೆ ಒರಗಿಸಿ ಮಲಗುತ್ತಿದ್ದೆ. ಆಮೇಲೆ ಜಿಲ್ಲಾ ಗ್ಯಾಸೆಟಿಯರ್, ಅಂದರೆ ಜಿಲ್ಲೆಯ ಚರಿತ್ರೆ ಇರುವ ಸರ್ಕಾರಿ ಪುಸ್ತಕ, ಕೈಗೆ ಸಿಕ್ಕಿತು. ರಾತ್ರಿ ರಾತ್ರಿ ಓದಿದೆ. ಈಗ ಕೋಟೆಗೆ ಬರುವವರ ಜೊತೆ ನಾನೂ ಹತ್ತುತ್ತೇನೆ, ಗೊತ್ತಿರುವುದನ್ನು ಹೇಳುತ್ತೇನೆ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ದುರ್ಗ ಎಂದು ಕೊನೆಗೊಳ್ಳುವ ಹೆಸರುಗಳೇ ಎಷ್ಟಿವೆ! ದೇವರಾಯನದುರ್ಗ, ಚನ್ನರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ. ಅದರ ಮೇಲೆ ಪಾವಗಡ, ನಿಡುಗಲ್ಲು, ಮಿಡಿಗೇಶಿ. ಆದರೂ ನಮ್ಮ ಊರಿನವರೇ "ಇಲ್ಲಿ ನೋಡುವುದಕ್ಕೆ ಏನಿದೆ?" ಎಂದು ಕೇಳಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ರೈಲಿನಿಂದ ಇಳಿದವರು ಮೂವರು. ಎಪ್ಪತ್ತಾರು ವರ್ಷದ ಅಜ್ಜಿ, ಅವರ ಮಗ, ಮೊಮ್ಮಗಳು. ಅಜ್ಜಿಯ ತೊಡೆಯ ಮೇಲೆ ಅಡಿಕೆ ಹಾಳೆಯಲ್ಲಿ ಸುತ್ತಿದ ಒಂದು ಪೊಟ್ಟಣವಿತ್ತು. ಡಿಕ್ಕಿಯಲ್ಲಿ ಇಡುತ್ತೇನೆ ಎಂದರೆ ಕೊಡಲಿಲ್ಲ.

ಕೊರಟಗೆರೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಅವರಾಗಿಯೇ ಹೇಳಿದರು. "ನಾವು ಕೋಟೆ ನೋಡುವುದಕ್ಕೆ ಬಂದವರಲ್ಲ ಮಾರಾಯ. ನಮ್ಮ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟ ಜಾಗ ನೋಡುವುದಕ್ಕೆ ಬಂದದ್ದು."

ವೀರಮ್ಮಾಜಿಯ ವಿಷಯ ನನಗೆ ಗೊತ್ತಿತ್ತು. ಗ್ಯಾಸೆಟಿಯರಿನಲ್ಲಿ ಮಧುಗಿರಿಯ ಕೆಳಗೆ ಒಂದೆರಡು ಸಾಲಿನಲ್ಲಿದೆ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರನ್ನು ಹಿಡಿದ. ಅವರ ಕೊನೆಯ ರಾಣಿ ವೀರಮ್ಮಾಜಿ ದತ್ತುಮಗ ಸೋಮಶೇಖರನೊಂದಿಗೆ ಬಲ್ಲಾಳರಾಯನದುರ್ಗಕ್ಕೆ ಓಡಿದಳು, ಅಲ್ಲಿ ಸೆರೆ ಸಿಕ್ಕಳು. ಬಿದನೂರಿಗೆ ಹೈದರ್‌ನಗರ ಎಂದು ಹೆಸರಿಟ್ಟ; ಅದೇ ಈಗಿನ ನಗರ. ರಾಣಿಯನ್ನೂ ಮಗನನ್ನೂ ಮಧುಗಿರಿಗೆ ಕಳುಹಿಸಿದ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಈ ಕೋಟೆ ಹಿಡಿದು ಅವರನ್ನು ಬಿಡಿಸಿತು. ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲೇ ರಾಣಿ ತೀರಿಕೊಂಡಳು. ಇಷ್ಟನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ಬೆಟ್ಟ ಇಳಿಯುತ್ತಾ, ಎಲ್ಲರಿಗೂ ಹಸಿವಾಗಿ ಯಾರೂ ಕೇಳಿಸಿಕೊಳ್ಳದ ಹೊತ್ತಿನಲ್ಲಿ.

ಅಜ್ಜಿಗೆ ಅದಕ್ಕಿಂತ ಹಿಂದಿನದೂ ಗೊತ್ತಿತ್ತು. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಯ ಕಡೆ ಓಡುವಾಗ ಕೆಳದಿಯ ಚೆನ್ನಮ್ಮ ಅವನಿಗೆ ಆಸರೆ ಕೊಟ್ಟಿದ್ದಳು. ಅದಕ್ಕಾಗಿ ಔರಂಗಜೇಬನ ಸೈನ್ಯವನ್ನೂ ಎದುರಿಸಿದಳು. "ಎಪ್ಪತ್ತೆಂಟು ವರ್ಷದ ಮೇಲೆ ಆ ಮರಾಠರೇ ಬಂದು ಬಾಗಿಲು ತೆಗೆದರು, ನೋಡು" ಎಂದು ಬೆರಳು ಮಡಿಸಿ ಲೆಕ್ಕ ಹೇಳಿದರು. ಆ ಎರಡು ವರ್ಷಗಳೂ ನನ್ನ ಬಾಯಲ್ಲಿದ್ದವು, ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನಾನು ಎಂದೂ ನೋಡಿರಲಿಲ್ಲ.

ಮಧುಗಿರಿಯ ಬುಡ ಸೇರುವಾಗ ಬೆಳಕು ಹರಿಯುತ್ತಿತ್ತು. ಈ ಬೆಟ್ಟಕ್ಕೆ ಬಿಸಿಲೇರುವ ಮೊದಲೇ ಬರಬೇಕು. ಇಡೀ ಬೆಟ್ಟ ಒಂದೇ ಕಲ್ಲು, ಸಮುದ್ರಮಟ್ಟದಿಂದ 3,930 ಅಡಿ. ಹತ್ತು ಗಂಟೆಯಾದರೆ ಬಂಡೆ ಹೆಂಚಿನಂತೆ ಕಾಯುತ್ತದೆ. ನಾನು ಹೊಸಬನಾಗಿದ್ದಾಗ ಒಂದು ಗುಂಪನ್ನು ಹನ್ನೊಂದು ಗಂಟೆಗೆ ಹತ್ತಿಸಿ, ಒಬ್ಬ ಹುಡುಗ ತಲೆಸುತ್ತಿ ಬಿದ್ದಿದ್ದ. ಅವತ್ತಿನಿಂದ ಬೆಳಗ್ಗೆ ಬಿಟ್ಟು ಬೇರೆ ಹೊತ್ತಿನಲ್ಲಿ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ಇನ್ನೊಂದು, ಸೆಂಟು ಹಾಕಿಕೊಂಡು ಬರಬಾರದು, ಕೂಗಬಾರದು. ಮಧುಗಿರಿಯ ಹೆಸರಿನಲ್ಲೇ ಜೇನಿದೆ, ಬೆಟ್ಟದಲ್ಲೂ ಇದೆ.

ಬುಡದಲ್ಲಿ ಎಲ್ಲರಿಗೂ ಹೇಳುವ ಕಥೆಯನ್ನು ಅವರಿಗೂ ಹೇಳಿದೆ. ವಿಜಯನಗರದ ಕಾಲದಲ್ಲಿ ಇಲ್ಲೊಬ್ಬ ಪಾಳೆಯಗಾರ, ಹಿರೇಗೌಡ. ಅವನ ಮಂದೆಯ ಒಂದು ಕುರಿ ಸಂಜೆ ತಪ್ಪಿಸಿಕೊಂಡಿತು. ಮರುದಿನ ಬೆಟ್ಟದಿಂದ ಇಳಿದು ಬಂದಾಗ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ನೀರಿದೆ ಎಂದು ತಿಳಿದದ್ದು ಹಾಗೆ, ಕೋಟೆ ಹುಟ್ಟಿದ್ದೂ ಹಾಗೆ. ಮೊದಲು ಮಣ್ಣಿನ ಕೋಟೆ, ಕಲ್ಲಿನದು ಆಮೇಲಿನದು. ಕುರಿಯ ಕಥೆ ನಡೆದಿದೆಯೋ ಇಲ್ಲವೋ, ಅದರೊಳಗಿನ ಮಾತು ಮಾತ್ರ ಸತ್ಯ: ನೀರಿಲ್ಲದ ಬೆಟ್ಟದಲ್ಲಿ ಕೋಟೆ ನಿಲ್ಲುವುದಿಲ್ಲ. ದೊಣೆ, ಅಂದರೆ ಬಂಡೆಯ ಮೇಲಿನ ನೀರಿನ ಹೊಂಡ, ಬತ್ತಿದರೆ ಒಳಗಿನವರು ತಾವೇ ಬಾಗಿಲು ತೆಗೆಯುತ್ತಾರೆ.

ಅಜ್ಜಿಗೆ ಹತ್ತಲು ಆಗುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಕೆಳಗಿನ ಹೆಬ್ಬಾಗಿಲಿನ ತನಕ ಮಗನ ಕೈ ಹಿಡಿದು ನಿಧಾನವಾಗಿ ಬಂದರು. ನಾನು ಅಲ್ಲಿ ಜನರಿಗೆ ಒಂದು ವಸ್ತು ತೋರಿಸುತ್ತೇನೆ. ಬಾಗಿಲಿನ ಒಳಬದಿಯ ಗೋಡೆಯಲ್ಲಿ ಎದೆಯ ಎತ್ತರಕ್ಕೆ ಚೌಕದ ಒಂದು ತೂತು. ಕದ ಮುಚ್ಚಿದ ಮೇಲೆ ಅಡ್ಡಲಾಗಿ ಹಾಕುವ ಅಗುಳಿಯ ಮರ ಕೂರುವ ಜಾಗ ಅದು. ಹಗಲು ಮರವನ್ನು ಗೋಡೆಯೊಳಕ್ಕೆ ನೂಕಿಡುತ್ತಿದ್ದರು, ರಾತ್ರಿ ಎಳೆದು ಎದುರಿನ ತೂತಿಗೆ ಸೇರಿಸುತ್ತಿದ್ದರು. ಕೈ ಹಾಕಿದರೆ ಮೊಣಕೈ ದಾಟುತ್ತದೆ. ತೂತಿನ ಕೆಳ ಅಂಚು ಮಾತ್ರ ನುಣುಪು, ಮರ ಜಾರಿ ಜಾರಿ ಸವೆದದ್ದು. ಮೇಲಿನ ಅಂಚಿನಲ್ಲಿ ಉಳಿಯ ಪೆಟ್ಟು ಇನ್ನೂ ಬೆರಳಿಗೆ ತಾಗುತ್ತದೆ.

ಅಜ್ಜಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಹಾಕಿದರು. ಬಳೆಗಳು ಕಲ್ಲಿಗೆ ತಾಗಿ ಸದ್ದಾಯಿತು. ಸ್ವಲ್ಪ ಹೊತ್ತು ಹಾಗೆಯೇ ನಿಂತರು.

"ಅಗುಳಿ ಒಳಗೇ ಇದೆಯಲ್ಲ ಮಾರಾಯ" ಎಂದರು. "ಒಳಗೇ ಇದ್ದರೂ ಅವಳಿಗೆ ತೆಗೆಯಲು ಬರಲಿಲ್ಲ."

ಈ ತೂತಿನ ಮುಂದೆ ನಾನು ಎಷ್ಟು ಜನರನ್ನು ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಹೊರಗಿನ ಶತ್ರು ಒಳಗೆ ಬಾರದಂತೆ ಹೇಗೆ ಕಟ್ಟಿದ್ದಾರೆ ನೋಡಿ ಎಂದೇ ಪ್ರತಿ ಸಲ ಹೇಳುತ್ತಿದ್ದೆ. ಆನೆ ಗುದ್ದಬಾರದೆಂದು ದಾರಿ ತಿರುಗಿಸಿದ್ದು, ಕೊತ್ತಲದಿಂದ ಕೋವಿ ಹಾರಿಸಲು ಕಿಂಡಿ ಬಿಟ್ಟದ್ದು, ಎಲ್ಲವನ್ನೂ ಹೊರಗೆ ನಿಂತವನ ಕಣ್ಣಿನಿಂದಲೇ ನೋಡಿದ್ದೆ. ಇದೇ ಗೋಡೆಯೊಳಗೆ ನಾಲ್ಕು ವರ್ಷ ಒಬ್ಬ ಹೆಂಗಸು ಹೊರಗೆ ಹೋಗಲಾರದೆ ಕುಳಿತಿದ್ದಳು ಎಂಬುದು ಬಾಯಲ್ಲಿತ್ತು, ತಲೆಯಲ್ಲಿ ಇರಲಿಲ್ಲ.

ಅಜ್ಜಿ ಪೊಟ್ಟಣ ಬಿಚ್ಚಿದರು. ಒಳಗೆ ಹಿಂಗಾರ, ಅಡಿಕೆ ಮರದ ಹೂಗೊಂಚಲು. ತೋಟದಲ್ಲಿ ಹಿಂದಿನ ದಿನ ಇಳಿಸಿದ್ದಂತೆ, ತಿಳಿಹಳದಿಯ ಎಸಳೆಸಳು, ಬಿಚ್ಚುತ್ತಲೇ ಹಸಿ ವಾಸನೆ ಬಂತು. ಅದನ್ನು ಮೊಮ್ಮಗಳ ಕೈಗೆ ಕೊಟ್ಟು, "ಮೇಲೆ ಎಲ್ಲಾದರೂ ಇಟ್ಟು ಬಾ" ಎಂದರು. ಮಗ ಅಮ್ಮನ ಜೊತೆ ಕೆಳಗೇ ಉಳಿದರು. ಹುಡುಗಿ ಮತ್ತು ನಾನು ಹತ್ತಿದೆವು.

ಮೊದಲ ಅರ್ಧ ಸುಲಭ. ಮೆಟ್ಟಿಲುಗಳಿವೆ, ಬಾಗಿಲ ಮೇಲೆ ಬಾಗಿಲು ಬರುತ್ತದೆ, ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದೆಲ್ಲ ಹೆಸರು. 1678ರಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಕೋಟೆ ಮೈಸೂರಿನ ಕೈ ಸೇರಿತ್ತು. ಆಮೇಲೆ ಮೆಟ್ಟಿಲು ಮುಗಿದು ಬೋಳು ಬಂಡೆ ಶುರುವಾಗುತ್ತದೆ. ಬಂಡೆಯಲ್ಲೇ ಕಡಿದ ಹೆಜ್ಜೆಗುಳಿಗಳು, ಅರ್ಧ ಪಾದ ಮಾತ್ರ ಹಿಡಿಸುತ್ತದೆ. ಕೆಲವು ಕಡೆ ಕಬ್ಬಿಣದ ಸರಳು ಹಿಡಿದು ಹೋಗಬೇಕು. ಗಾಳಿ ಬೀಸಿದರೆ ಮೈ ಬಂಡೆಗೆ ಅಂಟಿಸಿ ನಿಲ್ಲುತ್ತೇವೆ.

ಅಲ್ಲೇ ಆ ಹುಡುಗಿ ನಿಂತು ಕೆಳಗೆ ನೋಡಿದಳು. "ಅಣ್ಣ, ಅವರನ್ನು ಇಲ್ಲಿ ಹೇಗೆ ಹತ್ತಿಸಿರಬಹುದು?" ಎಂದಳು.

ಉತ್ತರ ನನ್ನ ಬಳಿ ಇರಲಿಲ್ಲ. ಅರಮನೆಯಲ್ಲಿ ಬೆಳೆದ ಕಾಲು, ಮಲೆನಾಡಿನ ನೆರಳಿನಲ್ಲಿ ನಡೆದ ಕಾಲು. ಮಳೆ ಎಂದರೆ ತಿಂಗಳುಗಟ್ಟಲೆ ಸುರಿಯುವುದು ಎಂದು ತಿಳಿದವಳನ್ನು ಈ ಕಾದ ಕಲ್ಲಿಗೆ ತಂದಿಟ್ಟರು. ದಾರಿಯಲ್ಲಿ ದೊಣೆಯ ಹತ್ತಿರ ಕುಳಿತಾಗ ಹುಡುಗಿ ನೀರನ್ನೇ ನೋಡುತ್ತಿದ್ದಳು. ಹಸಿರುಗಟ್ಟಿದ, ಅಲುಗಾಡದ ನೀರು. "ನಮ್ಮ ಮನೆಯ ಹಿಂದೆ ನೀರು ಹರಿಯುವ ಸದ್ದು ಯಾವಾಗಲೂ ಕೇಳುತ್ತಿರುತ್ತದೆ" ಎಂದಳು. ಅಷ್ಟೇ. ನಾನು ಕುರಿಯ ಕಥೆಯನ್ನು ಮತ್ತೆ ತೆಗೆಯಲಿಲ್ಲ.

ತುದಿಯಲ್ಲಿ ಛಾವಣಿ ಬಿರಿದ ಪಾಳು ಗುಡಿ ಇದೆ, ಗೋಪಾಲಕೃಷ್ಣನದು. ದೇವರಿಲ್ಲ. ಅದರ ಹೊಸಲಿನ ಮೇಲೆ ಹಿಂಗಾರ ಇಟ್ಟಳು. ಗಾಳಿಗೆ ಹಾರದಿರಲಿ ಎಂದು ಅಂಗೈಯಗಲದ ಒಂದು ಕಲ್ಲನ್ನು ತೊಟ್ಟಿನ ಮೇಲೆ ಹೇರಿದಳು. ಆಮೇಲೆ ಪಡುವಣ ಕಡೆ ತಿರುಗಿ ತುಂಬಾ ಹೊತ್ತು ನಿಂತಿದ್ದಳು.

ಇಳಿದು ಬಂದಾಗ ಅಜ್ಜಿ ಕೇಳಿದ್ದು ಒಂದೇ ಮಾತು. "ಮೇಲಿನಿಂದ ನಮ್ಮ ಕಡೆಯ ಗುಡ್ಡ ಕಾಣುತ್ತದೆಯೇ?"

"ಇಲ್ಲ ಅಜ್ಜಿ" ಎಂದಳು ಹುಡುಗಿ. "ಬರೀ ಬಯಲು."

ಮಧುಗಿರಿಯಲ್ಲಿ ತಟ್ಟೆ ಇಡ್ಲಿ ತಿಂದು ಶಿರಾಕ್ಕೆ ಹೊರಟೆವು. ಎಲ್ಲರನ್ನೂ ಶಿರಾಕ್ಕೆ ಕೊನೆಯಲ್ಲಿ ಕರೆದೊಯ್ಯುತ್ತೇನೆ, ಏಕೆಂದರೆ ಅಲ್ಲಿ ಹತ್ತುವುದೇನೂ ಇಲ್ಲ, ಸಮತಟ್ಟು ನೆಲದ ಕೋಟೆ. ಆದರೆ ಚರಿತ್ರೆ ನಡೆದದ್ದು ಅತ್ತಲಿಂದ ಇತ್ತ. ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ ಶುರು ಮಾಡಿದ ಊರು ಅದು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಹಿಡಿದ. 1687ರಲ್ಲಿ ಮೊಗಲರು ಬಂದು ಅದನ್ನು ಒಂದು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿದರು. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳಿಗೆ ಅದೇ ತಲೆ. ಚಿತ್ರದುರ್ಗ, ಮೈಸೂರು, ಬಿದನೂರು ಕಪ್ಪ ಕೊಡಬೇಕಾಗಿದ್ದದ್ದು ಈ ಶಿರಾಕ್ಕೆ.

"ನಮ್ಮ ಬಿದನೂರೇ?" ಎಂದು ಅಜ್ಜಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು.

ಹೌದಮ್ಮ, ಎಂದೆ. 1761ರಲ್ಲಿ ಹೈದರಾಬಾದಿನ ನಿಜಾಮನ ಸಹೋದರ ಬಸಾಲತ್ ಜಂಗ್ ಹೈದರನಿಗೆ ಶಿರಾದ ನವಾಬ ಎಂಬ ಬಿರುದು ಕೊಟ್ಟ. ಬಿದನೂರು ಹೋದದ್ದು ಅದಾಗಿ ಎರಡೇ ವರ್ಷಕ್ಕೆ.

ಶಿರಾದಲ್ಲಿ ಬಿಜಾಪುರದವರ ಸುಬೇದಾರ ಮಲಿಕ್ ರಿಹಾನನ ಗೋರಿಯನ್ನು ನೋಡದೆ ಬರಬಾರದು. 1651ರದು, ಬಿಜಾಪುರದ ಕೈಚಳಕದ ಗುಮ್ಮಟ. 1696ರ ಜಾಮಿಯಾ ಮಸೀದಿಯ ಕಲ್ಲುಗೆಲಸವೂ ಬಲು ಅಚ್ಚುಕಟ್ಟು. ಅವರೂ ನೋಡಿದರು, ಬೇಗ ಬೇಗ. ನನಗೆ ತೋರಿಸಲೇಬೇಕಾಗಿದ್ದದ್ದು ಕೋಟೆಯ ಅಗಳು, ಅಂದರೆ ಸುತ್ತಲಿನ ಕಂದಕ. ಮೊಗಲರ ಸುಬೇದಾರ ದಿಲಾವರ್ ಖಾನನ ಅರಮನೆ ಇಲ್ಲಿತ್ತು. ಬೆಂಗಳೂರಿನ ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿ ಎನ್ನುತ್ತಾರೆ, ಲಾಲ್‌ಬಾಗಿಗೆ ಇಲ್ಲಿನ ಖಾನ್‌ಬಾಗ್ ಮಾದರಿ ಎನ್ನುತ್ತಾರೆ. ಅರಮನೆ ಹೋಯಿತು, ಅಗಳು ಉಳಿಯಿತು. ಅದಕ್ಕಿಂತ ದೊಡ್ಡದು ಹೋದದ್ದು ಜನ. ಟಿಪ್ಪು ಶ್ರೀರಂಗಪಟ್ಟಣದ ಹತ್ತಿರ ಗಂಜಾಂ ಎಂಬ ಹೊಸ ಪೇಟೆ ಕಟ್ಟಿ, ಅದನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದ. ಪಾತ್ರೆ ಪಡಗ, ಮಗ್ಗ, ಕುರಿ, ಮುದುಕರು, ಬಾಣಂತಿಯರು. ನಾನು ಆ ಸಂಖ್ಯೆ ಹೇಳುವಾಗ ಜನ "ಓಹೋ" ಎಂದು ಫೋಟೊ ತೆಗೆಯುತ್ತಾರೆ.

ಅಜ್ಜಿ ಫೋಟೊಕ್ಕೆ ನಿಲ್ಲಲಿಲ್ಲ. ಅಗಳಿನ ದಂಡೆಯಲ್ಲಿ ಕುಳಿತು, "ಅವರೂ ಹಿಂದೆ ತಿರುಗಿ ತಿರುಗಿ ನೋಡಿಕೊಂಡೇ ಹೋಗಿರುತ್ತಾರೆ" ಎಂದರು. ಹಾಗೆಂದು, ಉಳಿದಿದ್ದ ಒಂದು ಅಡಿಕೆ ಹೋಳನ್ನು ನನಗೂ ಕೊಟ್ಟು ತಾವೂ ಬಾಯಿಗೆ ಹಾಕಿಕೊಂಡರು. ರಾತ್ರಿ ರೈಲಿಗೆ ಬಿಟ್ಟೆ. ಬಾಡಿಗೆಯ ಮೇಲೆ ನೂರು ರೂಪಾಯಿ ಹೆಚ್ಚು ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ.

ಅದಾಗಿ ಮೂರು ವಾರಕ್ಕೆ ಬೆಂಗಳೂರಿನ ಆರು ಹುಡುಗರ ಜೊತೆ ಮತ್ತೆ ಮಧುಗಿರಿ ಹತ್ತಿದೆ. ಬುಡದಲ್ಲಿ ಕುರಿಯ ಕಥೆಗೆ ಮೊದಲು ವೀರಮ್ಮಾಜಿಯ ಕಥೆ ಹೇಳಿದೆ. ಅಗುಳಿಯ ತೂತಿನ ಹತ್ತಿರ ಅವರನ್ನು ಊರಿನ ಕಡೆಗೆ ಮುಖ ಮಾಡಿ, ಒಳಗಿನಿಂದ ಹೊರಗೆ ನೋಡುವಂತೆ ನಿಲ್ಲಿಸಿದೆ. ಒಬ್ಬೊಬ್ಬರೂ ಕೈ ಹಾಕಿ ನೋಡಿದರು. ತುದಿಯ ಗುಡಿಯಲ್ಲಿ ಹಿಂಗಾರದ ಎಸಳು ಒಂದೂ ಉಳಿದಿರಲಿಲ್ಲ. ತೊಟ್ಟು ಕಂದಾಗಿ ಒಣಗಿತ್ತು. ಆ ಹುಡುಗಿ ಹೇರಿದ್ದ ಕಲ್ಲು ಮಾತ್ರ ಹೇರಿದಂತೆಯೇ ಇತ್ತು. ಅದರ ಫೋಟೊ ತೆಗೆದು ಸಾಗರಕ್ಕೆ ಕಳುಹಿಸಿದೆ.